ಅಭಿಮಾನಮೇರುವಿಗೆ ದೊರೆತ ಗೆಳೆಯ

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೊರಡುವ ರೈಲು ಚಿತ್ತಾಪುರವನ್ನು ದಾಟಿ ಸೇಡಂ ಮುಟ್ಟುವ ಮುನ್ನ ಮಳಖೇಡ ರೋಡ್ ಎಂಬ ನಿಲ್ದಾಣವನ್ನು ಹಾಯುತ್ತದೆ. ಆ ಹೆಸರಿನ ಊರೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಇಂದು ಅಲ್ಲಿ ಕಾಗಿಣಾ ನದಿಯ ದಂಡೆಯ ಮೇಲೊಂದು ಕೋಟೆ, ಊರೊಳಗೆ ನೇಮಿನಾಥ ಸ್ವಾಮಿಯ ಪ್ರಾಚೀನ ಬಸದಿ, ಸುತ್ತಮುತ್ತ ಸುಣ್ಣಕಲ್ಲಿನ ಗಣಿಗಳು ಮತ್ತು ಸಿಮೆಂಟಿನ ಧೂಳು. ಅಮೋಘವರ್ಷ ನೃಪತುಂಗ, ಅವನ ಗುರುಗಳಾದ ಜಿನಸೇನಾಚಾರ್ಯರು, ಉಭಯಕವಿಚಕ್ರವರ್ತಿ ಪೊನ್ನ ಇವರ ಹೆಸರುಗಳು ಈ ಭಾಗದ ಶಾಲಾ ಮಕ್ಕಳ ನಾಲಗೆಯ ಮೇಲಿವೆ. ಇದೇ ಊರಿನಲ್ಲಿ ಕುಳಿತು ಅಪಭ್ರಂಶ ಭಾಷೆಯ ಅತಿ ದೊಡ್ಡ ಜೈನ ಮಹಾಕಾವ್ಯವನ್ನು ರಚಿಸಿದ ಪುಷ್ಪದಂತನ ಹೆಸರು ಮಾತ್ರ ವಿದ್ವಾಂಸರಲ್ಲಿ ಹಾಗೂ ಉತ್ತರ ದೇಶದ ಶ್ರಾವಕರಲ್ಲಿ ಮನೆಮಾತಾದಷ್ಟು ಅವನು ಬಾಳಿದ ನೆಲದಲ್ಲಿ ಆಗಲಿಲ್ಲ. ಅವನ ಭಾಷೆ ಕನ್ನಡವಾಗಿರಲಿಲ್ಲವೆಂಬುದೇ ಅದಕ್ಕೆ ಕಾರಣವಿರಬೇಕು.

ಒಂಬತ್ತನೆಯ ತೀರ್ಥಂಕರರ ಹೆಸರೂ ಪುಷ್ಪದಂತ. ಷಟ್ಖಂಡಾಗಮವನ್ನು ಆರಂಭಿಸಿದ ಆಚಾರ್ಯರ ಹೆಸರೂ ಪುಷ್ಪದಂತ. ಈ ಕವಿ ಅವರಿಬ್ಬರಿಂದಲೂ ಬೇರೆಯವನು, ಹತ್ತನೆಯ ಶತಮಾನದವನು. ತಂದೆ ಕೇಶವಭಟ್ಟ, ತಾಯಿ ಮುಗ್ಧಾದೇವಿ, ಗೋತ್ರ ಕಾಶ್ಯಪ. ಹುಟ್ಟಿನಿಂದ ಬ್ರಾಹ್ಮಣರಾಗಿ ಶಿವಭಕ್ತರಾಗಿದ್ದ ತಂದೆತಾಯಿಗಳು ದಿಗಂಬರ ಗುರುವೊಬ್ಬರ ಉಪದೇಶದಿಂದ ಜಿನಧರ್ಮವನ್ನು ಸ್ವೀಕರಿಸಿ, ಕೊನೆಗೆ ಸಂನ್ಯಾಸವಿಧಿಯಿಂದಲೇ ದೇಹವನ್ನು ಬಿಟ್ಟರೆಂದು ಕವಿಯೇ ಹೇಳಿಕೊಂಡಿದ್ದಾನೆ. ಅವನ ಮೂಲ ನೆಲೆ ವಿದರ್ಭದ ಕಡೆಯದೆಂಬುದು ವಿದ್ವಾಂಸರ ಊಹೆ.

ತನ್ನ ರೂಪವನ್ನು ಅವನು ಬಣ್ಣಿಸಿಕೊಂಡ ಬಗೆ ವಿಶಿಷ್ಟವಾಗಿದೆ. ಮೈಬಣ್ಣ ಕಪ್ಪು, ಶರೀರ ಕೃಶ, ಮುಖದಲ್ಲಿ ಚೆಲುವಿಲ್ಲ. ಆದರೆ ನಕ್ಕಾಗ ಹಲ್ಲುಗಳ ಸಾಲು ಸುತ್ತಲೂ ಬೆಳ್ಪನ್ನು ಚೆಲ್ಲುತ್ತದೆ. ಹೂವಿನಂಥ ಹಲ್ಲುಳ್ಳವನೆಂಬ ಹೆಸರಿಗೆ ಅವನು ಕೊಟ್ಟ ಸಮರ್ಥನೆಯೆಂದು ಇದನ್ನು ತಿಳಿಯಬಹುದು. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮನೆಯೆಂಬುದಿಲ್ಲ. ಹರಕು ಬಟ್ಟೆ, ಹೊಳೆಕೆರೆಗಳಲ್ಲಿ ಸ್ನಾನ, ನೆಲವೇ ಹಾಸಿಗೆ, ಮೈತುಂಬ ಧೂಳು. ಇಷ್ಟಾಗಿಯೂ ಅವನಿಗಿದ್ದ ಬಿರುದುಗಳು ಸಾಮಾನ್ಯವಲ್ಲ: ಕವಿಕುಲತಿಲಕ, ಸರಸ್ವತೀನಿಲಯ, ಕಾವ್ಯಪಿಶಾಚ. ಇವೆಲ್ಲಕ್ಕಿಂತ ಅವನಿಗೆ ಹೆಚ್ಚು ಒಪ್ಪುವಂಥದು ಅಭಿಮಾನಮೇರು. ಅಭಿಮಾನದಲ್ಲಿ ಮೇರುಪರ್ವತದಷ್ಟು ಎತ್ತರದವನು ಎಂದರ್ಥ. ಮೇರುವಿನ ತುದಿಯಲ್ಲಿ ಎರಡನೆಯವನಿಗೆ ಜಾಗವಿರುವುದು ಕಷ್ಟ.

ಮಾನ್ಯಖೇಟಕ್ಕೆ ಬರುವ ಮೊದಲು ಅವನು ಭೈರವನೆಂಬ ಅರಸನ ಆಶ್ರಯದಲ್ಲಿದ್ದು, ಅವನನ್ನೇ ನಾಯಕನನ್ನಾಗಿ ಹೊಗಳಿ ಕಾವ್ಯ ಬರೆದಿದ್ದನು. ಅಲ್ಲಿ ದುರ್ಜನರಿಂದ ಅವಮಾನವಾಯಿತು. ಪೆಟ್ಟು ಆಳವಾಗಿಯೇ ಬಿದ್ದಿರಬೇಕು. ಮುಂದೆ ಆರು ವರ್ಷಗಳ ಕಾಲ ತೀರ್ಥಂಕರರ ಚರಿತ್ರೆಯನ್ನು ಬರೆಯುವಾಗಲೂ ಅವಕಾಶ ಸಿಕ್ಕಲ್ಲೆಲ್ಲ ಅವನು ಖಲರನ್ನು, ಅರಸರ ಸಿರಿಯನ್ನು, ಚಾಮರದ ಗಾಳಿಯಲ್ಲಿ ಹಾರಿಹೋಗುವ ಗುಣಗಳನ್ನು ನೆನೆಯುತ್ತಲೇ ಇದ್ದನು. ಅವನು ಆ ಆಸ್ಥಾನವನ್ನು ಬಿಟ್ಟು ನಡೆದನು. ಬಹುದೂರದ ಕಷ್ಟದ ದಾರಿಯನ್ನು ಸವೆಸಿ, ದಣಿದು, ಮಾನ್ಯಖೇಟದ ಹೊರಗಿನ ಒಂದು ಉಪವನದಲ್ಲಿ ಕುಳಿತನು. ಕ್ರಿ.ಶ. 959ರ ಸುಮಾರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಚೋಳರನ್ನು ಗೆದ್ದು ತೆಂಕಣದ ಮೇಲ್ಪಾಡಿಯ ಬೀಡಿನಲ್ಲಿದ್ದ ಕಾಲವದು. ಎದುರಿಗೆ ಮುಗಿಲು ಮುಟ್ಟುವ ಸೌಧಗಳ ನಗರ. ಕವಿ ಒಳಗೆ ಹೋಗಲಿಲ್ಲ.

ಅಲ್ಲಿಗೆ ಅಮ್ಮಯ್ಯ ಮತ್ತು ಇಂದ್ರರಾಜ ಎಂಬ ಇಬ್ಬರು ಬಂದರು. ಇಷ್ಟು ದೊಡ್ಡ ನಗರ ಹತ್ತಿರದಲ್ಲೇ ಇರುವಾಗ ಈ ನಿರ್ಜನ ಸ್ಥಳದಲ್ಲೇಕೆ ಕುಳಿತಿರುವಿರೆಂದು ವಿನಯದಿಂದ ಕೇಳಿದರು. ಅಭಿಮಾನಮೇರುವಿನ ಉತ್ತರ ಸಿದ್ಧವಾಗಿತ್ತು. ಬೆಟ್ಟದ ಗುಹೆಯಲ್ಲಿ ಹುಲ್ಲು ತಿಂದು ಬದುಕುವುದು ಲೇಸು, ದುರ್ಜನರ ಗಂಟಿಕ್ಕಿದ ಹುಬ್ಬನ್ನು ನೋಡುವುದು ಬೇಡ ಎಂಬ ಅಭಿಪ್ರಾಯವನ್ನು ಅವನು ದೀರ್ಘವಾಗಿಯೇ ಹೇಳಿದನು. ಅವರು ವಾದಿಸಲಿಲ್ಲ. ಈ ನಗರದಲ್ಲಿ ಭರತನೆಂಬ ಮಹಾಮಾತ್ಯನಿದ್ದಾನೆ, ಅವನು ನೀವು ಹೇಳುವಂಥವನಲ್ಲ, ಒಮ್ಮೆ ಬಂದು ನೋಡಿರೆಂದು ಕರೆದರು. ಕವಿ ಎದ್ದು ಅವರ ಹಿಂದೆ ನಡೆದನು. ಆ ಇಬ್ಬರ ವಿಷಯದಲ್ಲಿ ಚರಿತ್ರೆ ಇಷ್ಟನ್ನೇ ಉಳಿಸಿಕೊಂಡಿದೆ. ಅವರು ದಾರಿಹೋಕನೊಬ್ಬನನ್ನು ಮಾತನಾಡಿಸದೆ ಹೋಗಿದ್ದರೆ ಉಳಿದ ಕಥೆ ನಡೆಯುತ್ತಲೇ ಇರಲಿಲ್ಲ.

ಭರತನು ಕೌಂಡಿನ್ಯ ಗೋತ್ರದವನು, ಜಿನಭಕ್ತ, ಚಕ್ರವರ್ತಿಯ ಮಂತ್ರಿ. ಅವನ ಮನೆತನದಲ್ಲಿ ವಂಶಪಾರಂಪರ್ಯವಾಗಿ ಬಂದಿದ್ದ ಅಧಿಕಾರ ಸಂಪತ್ತುಗಳು ನಡುವೆ ಕೈತಪ್ಪಿದ್ದವು. ಸ್ವಂತ ಸಾಮರ್ಥ್ಯದಿಂದ ಒಡೆಯನ ಸೇವೆ ಮಾಡಿ ಅವನು ಅವುಗಳನ್ನು ಮರಳಿ ಗಳಿಸಿದ್ದನು. ಬಿದ್ದು ಎದ್ದವನಿಗೆ ಬಿದ್ದವನ ಮುಖ ಓದಲು ಬರುತ್ತದೆ. ಬಂದ ಅತಿಥಿಗೆ ಅವನು ಅಭ್ಯಂಗ ಮಾಡಿಸಿದನು, ಸ್ನಾನ ಮಾಡಿಸಿದನು, ಹೊಸ ಬಟ್ಟೆ ತೊಡಿಸಿದನು, ಸವಿಯಾದ ಊಟ ಬಡಿಸಿದನು. ಯಾವ ಕೆಲಸವನ್ನೂ ಕೇಳಲಿಲ್ಲ. ಕೆಲವು ದಿನಗಳು ಹಾಗೆಯೇ ಕಳೆದವು.

ಅನಂತರವೇ ಒಂದು ದಿನ ಭರತನು ಬಾಯಿಬಿಟ್ಟನು. ಮರ್ತ್ಯನಾದ ಭೈರವರಾಜನನ್ನು ಹೊಗಳಿದ್ದರಿಂದ ತಗುಲಿದ ಮಿಥ್ಯಾತ್ವಕ್ಕೆ ಪ್ರಾಯಶ್ಚಿತ್ತವಾಗಿ ಆದಿನಾಥ ಸ್ವಾಮಿಯ ಚರಿತ್ರೆಯನ್ನು ಬರೆಯಬಾರದೇ ಎಂದು ಕೇಳಿದನು. ಗೆಳೆಯನೊಬ್ಬನಿಗೆ ಅವನ ತಪ್ಪನ್ನು ತೋರಿಸಿಕೊಟ್ಟ ರೀತಿಯನ್ನು ಇಲ್ಲಿ ಗಮನಿಸಬೇಕು. ಮೊದಲು ಅನ್ನ, ಆಮೇಲೆ ಮಾತು. ಆ ಮಾತಿನಲ್ಲಿ ದೋಷವೂ ಇದೆ, ದೋಷದಿಂದ ಹೊರಬರುವ ದಾರಿಯೂ ಇದೆ. ಕವಿ ಹಿಂಜರಿದನು. ಮಹಾಕವಿ ಪ್ರವರಸೇನನ ಸೇತುಬಂಧವನ್ನೇ ದೂಷಿಸುವ ಜನರು ತನ್ನನ್ನು ಬಿಡುವರೇ ಎಂಬುದು ಅವನ ಅಳುಕು. ದುರ್ಜನರ ಸ್ವಭಾವವೇ ಹಾಗೆ, ನಾಯಿ ಬೊಗಳಿದರೆ ಹುಣ್ಣಿಮೆಯ ಚಂದ್ರನಿಗೇನು ಎಂಬ ಧಾಟಿಯಲ್ಲಿ ಮಂತ್ರಿ ಸಮಾಧಾನ ಹೇಳಿದನು. ಸಿದ್ಧಾರ್ಥಿ ಸಂವತ್ಸರದಲ್ಲಿ, ಎಂದರೆ ಅದೇ 959ರಲ್ಲಿ, ಭರತನ ಮನೆಯಲ್ಲಿ ಮಹಾಪುರಾಣದ ರಚನೆ ಮೊದಲಾಯಿತು.

ಆದಿಪುರಾಣದ ವಸ್ತು ಕನ್ನಡಿಗರಿಗೆ ಅಪರಿಚಿತವಲ್ಲ; 941ರಲ್ಲಿಯೇ ಪಂಪನು ಅದನ್ನು ಕನ್ನಡಕ್ಕೆ ತಂದಿದ್ದನು. ಆ ಪುರಾಣದಲ್ಲಿ ವೃಷಭನಾಥರ ಹಿಂದಿನ ಭವಗಳ ಕಥೆ ಬರುತ್ತದೆ. ಅವರು ಮಹಾಬಲನೆಂಬ ವಿದ್ಯಾಧರ ಅರಸನಾಗಿದ್ದಾಗ ನಾಲ್ವರು ಮಂತ್ರಿಗಳಿದ್ದರು. ಮೂವರು ಆತ್ಮವನ್ನೂ ಪರಲೋಕವನ್ನೂ ಅಲ್ಲಗಳೆದರು. ನಾಲ್ಕನೆಯವನಾದ ಸ್ವಯಂಬುದ್ಧನು ಅರಸನ ಹಿತಚಿಂತಕನಾಗಿ ಉಳಿದು, ಆಯುಷ್ಯ ಮುಗಿಯುವ ಹೊತ್ತಿಗೆ ಅವನನ್ನು ಧರ್ಮದ ಕಡೆಗೆ ತಿರುಗಿಸಿದನು. ಭವಗಳು ಉರುಳಿದವು. ಅರಸನ ಜೀವ ಲಲಿತಾಂಗದೇವನಾಗಿ, ವಜ್ರಜಂಘನಾಗಿ, ಮುಂದೆ ಭೋಗಭೂಮಿಯಲ್ಲಿ ಹುಟ್ಟಿತು. ಅಲ್ಲಿಗೆ ಪ್ರೀತಿಂಕರರೆಂಬ ಚಾರಣಮುನಿಗಳು ಹುಡುಕಿಕೊಂಡು ಬಂದು ಅವನಿಗೆ ಸಮ್ಯಕ್ತ್ವವನ್ನು ಬೋಧಿಸಿದರು. ಅವರು ಬೇರಾರೂ ಅಲ್ಲ, ಹಿಂದಿನ ಸ್ವಯಂಬುದ್ಧನ ಜೀವವೇ. ಜನ್ಮ ಬದಲಾದರೂ ಗೆಳೆಯನನ್ನು ಹುಡುಕಿ ಬಂದ ಮಂತ್ರಿಯ ಈ ಕಥೆಯನ್ನು ಪುಷ್ಪದಂತನು ಒಬ್ಬ ಮಂತ್ರಿಯ ಮನೆಯಲ್ಲಿ ಕುಳಿತು ಬರೆದನು.

ಮೂವತ್ತೇಳು ಸಂಧಿಗಳಿಗೆ ಆದಿಪುರಾಣ ಮುಗಿಯಿತು. ಇನ್ನು ಉಳಿದಿದ್ದುದು ಅಜಿತನಾಥರಿಂದ ಮಹಾವೀರರವರೆಗಿನ ತೀರ್ಥಂಕರರ, ಚಕ್ರವರ್ತಿಗಳ, ಬಲದೇವ ವಾಸುದೇವರ ಕಥೆ. ಅಲ್ಲಿ ಬರವಣಿಗೆ ನಿಂತುಹೋಯಿತು. ಕಾರಣವನ್ನು ಕವಿ ಸ್ಪಷ್ಟವಾಗಿ ಹೇಳುವುದಿಲ್ಲ. ಮನಸ್ಸಿಗೆ ಏನೋ ಒಂದು ಬೇಸರವಾಗಿ ಕೆಲವು ದಿನ ಖಿನ್ನನಾಗಿದ್ದನೆಂದಷ್ಟೇ ಮೂವತ್ತೆಂಟನೆಯ ಸಂಧಿಯ ಆರಂಭದಲ್ಲಿ ತಿಳಿಸುತ್ತಾನೆ. ಅನ್ನಕ್ಕೆ ಕೊರತೆಯಿರಲಿಲ್ಲ, ಗೌರವಕ್ಕೆ ಕೊರತೆಯಿರಲಿಲ್ಲ. ಆ ಮನೆಯಲ್ಲಿ ಓದುವವರು, ಹಾಡುವವರು, ಪ್ರತಿ ಮಾಡುವ ಲಿಪಿಕಾರರು ಇದ್ದರು. ಅವರ ನಡುವೆ ಕವಿ ಮೌನವಾಗಿದ್ದನು. ಒಂದು ರಾತ್ರಿ ಕನಸಿನಲ್ಲಿ ಸರಸ್ವತಿ ಕಾಣಿಸಿಕೊಂಡು ಅರ್ಹಂತರಿಗೆ ನಮಿಸುವಂತೆ ಹೇಳಿದಳು. ಬೆಚ್ಚಿ ಎದ್ದು ಸುತ್ತ ನೋಡಿದರೆ ಯಾರೂ ಇಲ್ಲ. ವಿಸ್ಮಯದಿಂದ ಕುಳಿತಿದ್ದನು.

ಆಗ ಭರತನು ಬಂದನು. ಚಕ್ರವರ್ತಿಯ ಮಹಾಮಾತ್ಯ; ರಾಜ್ಯದ ಕೆಲಸಗಳೇ ಕೈತುಂಬ ಇದ್ದ ಮನುಷ್ಯ. ಕೈಮುಗಿದು ಕೇಳಿದನು: ಏಕೆ ಹೀಗೆ ಮಂಕಾಗಿರುವಿರಿ, ಚಿತ್ತ ಎಲ್ಲಿಯೋ ಇರುವಂತೆ ತೋರುತ್ತದೆ, ನನ್ನಿಂದ ಏನಾದರೂ ಅಪರಾಧವಾಯಿತೇ, ಬೇರೆ ಏನಾದರೂ ಬೇಕೇ, ಹೇಳಿರಿ, ಎಲ್ಲವನ್ನೂ ಮಾಡುವೆನು. ಬಾಳು ಅಸ್ಥಿರವಾದುದು, ನಿಮಗೆ ವಾಣಿಯೆಂಬ ಧೇನುವೇ ಒಲಿದು ನಿಂತಿರುವಾಗ ನವರಸಗಳ ಹಾಲನ್ನು ಏಕೆ ಕರೆಯಬಾರದು. ಕವಿಯ ಕಾವ್ಯದಿಂದ ಸಿಗುವ ಮಾತಿನ ಸಾರ ಇಷ್ಟು. ಒಬ್ಬ ಗಂಡಸು ಇನ್ನೊಬ್ಬ ಗಂಡಸಿನ ಕೋಣೆಗೆ ಬಂದು, ನಿನಗೇನಾಗಿದೆ ಎಂದು ಕೇಳಿದ ಇಂಥ ಪ್ರಸಂಗಗಳು ನಮ್ಮ ಹಳೆಯ ಸಾಹಿತ್ಯದಲ್ಲಿ ಹೆಚ್ಚಾಗಿ ಸಿಗುವುದಿಲ್ಲ. ಇನ್ನೂ ಅಪರೂಪವಾದುದು ಕೇಳಿಸಿಕೊಂಡವನು ಅದನ್ನು ಮುಚ್ಚಿಡದೆ, ಸಾವಿರ ವರ್ಷ ಉಳಿಯುವ ಗ್ರಂಥದ ನಟ್ಟನಡುವೆ ಬರೆದಿಟ್ಟದ್ದು.

ಪುಷ್ಪದಂತನ ಉತ್ತರವೂ ಅಲ್ಲಿಯೇ ಇದೆ. ಕಾಲ ಕೆಟ್ಟಿದೆ, ಜನರು ನಿರ್ಗುಣರಾಗಿದ್ದಾರೆ ಎಂದು ಎಂದಿನಂತೆ ತನ್ನ ಹಳೆಯ ದುಃಖವನ್ನು ತೋಡಿಕೊಂಡ ಮೇಲೆ ಅವನು ಒಂದು ನಿಜವನ್ನು ಒಪ್ಪಿಕೊಂಡನು. ಧನವು ತನಗೆ ಹುಲ್ಲಿಗೆ ಸಮಾನ, ಅದನ್ನು ತಾನು ಮುಟ್ಟುವುದಿಲ್ಲ. ತಾನು ಬಯಸುವುದು ಕಾರಣವಿಲ್ಲದ, ಕೃತಕವಲ್ಲದ ಸ್ನೇಹವೊಂದನ್ನೇ. ಅದಕ್ಕಾಗಿಯೇ ಈ ಮನೆಯಲ್ಲಿ ಇದ್ದೇನೆ ಎಂಬುದು ಅದರ ತಾತ್ಪರ್ಯ. ಹುಲ್ಲು ತಿಂದು ಗುಹೆಯಲ್ಲಿರುವುದೇ ಲೇಸೆಂದಿದ್ದ ಅಭಿಮಾನಮೇರು ತನಗೆ ಒಬ್ಬ ಗೆಳೆಯ ಬೇಕೆಂದು ಬಾಯಿಬಿಟ್ಟು ಹೇಳಿದ ಗಳಿಗೆ ಅದು. ಮರಳಿ ಬರವಣಿಗೆ ಸಾಗಿತು.

ನಾಲ್ಕು ಕಷಾಯಗಳಲ್ಲಿ ಕ್ರೋಧವನ್ನು ಎಲ್ಲರೂ ಗುರುತಿಸುತ್ತಾರೆ. ಮಾನಕಷಾಯ ಹಾಗೆ ಸುಲಭಕ್ಕೆ ಕಾಣುವುದಿಲ್ಲ. ಅದು ಸ್ವಾಭಿಮಾನದ ವೇಷದಲ್ಲಿರುತ್ತದೆ. ಗಂಡಸರಲ್ಲಂತೂ ಒಳಗಿನ ಬೇಗುದಿಯನ್ನು ಹೇಳದಿರುವುದನ್ನೇ ಧೈರ್ಯವೆಂದು ಎಳೆತನದಿಂದ ಕಲಿಸಲಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಜನರಿಗೆ ಒಬ್ಬರು ಒಂಟಿತನದಿಂದ ನರಳುತ್ತಿದ್ದಾರೆ; ವರ್ಷಕ್ಕೆ ಸುಮಾರು 8,71,000 ಸಾವುಗಳೊಡನೆ ಅದಕ್ಕೆ ನಂಟಿದೆ. ಅಮೆರಿಕದಲ್ಲಿ ಆಪ್ತಮಿತ್ರನೊಬ್ಬನೂ ಇಲ್ಲವೆಂದ ಗಂಡಸರು 1990ರಲ್ಲಿ ನೂರಕ್ಕೆ 3 ಮಂದಿಯಿದ್ದರೆ, 2021ರ ಸಮೀಕ್ಷೆಯಲ್ಲಿ 15 ಮಂದಿಯಾದರು. ಅಷ್ಟು ದೂರಕ್ಕೆ ಹೋಗಬೇಕಾಗಿಯೂ ಇಲ್ಲ. ಕಾರ್ಖಾನೆಯಿಂದಲೋ ಕಚೇರಿಯಿಂದಲೋ ನಿವೃತ್ತನಾಗಿ, ಮಕ್ಕಳು ಹೈದರಾಬಾದು ಪುಣೆಗಳಲ್ಲಿ ನೆಲೆಸಿ, ಸಂಜೆ ಚಹಾದಂಗಡಿಯ ಬೆಂಚಿನ ಮೇಲೆ ಕೂಡುವ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟೋ ಮಂದಿ. ತೊಗರಿಯ ಧಾರಣೆ, ಮಳೆ, ಚುನಾವಣೆ ಎಲ್ಲವೂ ಮಾತಿಗೆ ಬರುತ್ತವೆ. ಹೆಂಡತಿ ತೀರಿಕೊಂಡ ಮೇಲೆ ರಾತ್ರಿ ನಿದ್ದೆ ಬರುವುದಿಲ್ಲವೆಂಬ ಮಾತು ಬರುವುದಿಲ್ಲ.

ದ್ವಾದಶಾನುಪ್ರೇಕ್ಷೆಗಳಲ್ಲಿ ಏಕತ್ವಭಾವನೆ ಒಂದಿದೆಯಲ್ಲವೇ, ಜೀವ ಒಂಟಿಯಾಗಿ ಹುಟ್ಟಿ ಒಂಟಿಯಾಗಿಯೇ ಸಾಯುವುದಲ್ಲವೇ, ಹಾಗಿರುವಾಗ ಸ್ನೇಹದ ಹಂಬಲವೇಕೆ ಎಂದು ಕೆಲವರು ಕೇಳುವುದುಂಟು. ಕರ್ಮಫಲವನ್ನು ಉಣ್ಣುವಾಗ ಪಾಲುದಾರರಿಲ್ಲವೆಂಬುದು ಆ ಭಾವನೆಯ ತಿರುಳು. ನೆರೆಯವನ ಬಾಗಿಲು ತಟ್ಟಬಾರದೆಂಬುದಲ್ಲ. ತತ್ತ್ವಾರ್ಥಸೂತ್ರದಲ್ಲಿ ಅನುಪ್ರೇಕ್ಷೆಗಳನ್ನು ಹೇಳಿದ ಉಮಾಸ್ವಾಮಿಗಳೇ ಜೀವಗಳ ಉಪಕಾರವು ಪರಸ್ಪರ ನೆರವಿನಲ್ಲಿದೆಯೆಂದೂ ಹೇಳಿದರು. ಸಕಲ ಜೀವಿಗಳಲ್ಲಿ ಮೈತ್ರಿಯನ್ನು ಭಾವಿಸಬೇಕೆಂದೂ ವಿಧಿಸಿದರು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೆಂಬುದು ಒಂದು: ಜಾರುತ್ತಿರುವವನನ್ನು ಹಿಡಿದು ಮತ್ತೆ ನಿಲ್ಲಿಸುವುದು. ಅದಕ್ಕೆ ದೃಷ್ಟಾಂತವಾಗಿ ಬರುವುದು ಶ್ರೇಣಿಕ ಮಹಾರಾಜನ ಮಗ ವಾರಿಷೇಣನ ಕಥೆ. ದೀಕ್ಷೆ ಪಡೆದರೂ ಮನೆಯನ್ನು ಮರೆಯಲಾರದೆ ವರ್ಷಗಟ್ಟಲೆ ಒಳಗೊಳಗೇ ಕೊರಗುತ್ತಿದ್ದ ಗೆಳೆಯ ಪುಷ್ಪಡಾಳನನ್ನು ವಾರಿಷೇಣ ಮುನಿಗಳು ಬೈದು ಅಟ್ಟಲಿಲ್ಲ. ತಾವೇ ಜೊತೆಗೆ ನಡೆದು, ತಾವು ತೊರೆದುಬಂದ ಅರಮನೆಯನ್ನು ಅವನಿಗೆ ತೋರಿಸಿ, ಅವನ ಮನಸ್ಸನ್ನು ನೆಲೆಗೆ ತಂದರು. ಭರತನು ಮಾಡಿದ್ದೂ ಸ್ಥಿತಿಕರಣವೇ. ಮುನಿಗಳು ಮಾಡುವುದನ್ನು ಗೃಹಸ್ಥನೊಬ್ಬ ತನ್ನ ಮನೆಯಲ್ಲಿ ಮಾಡಿದನು.

ಕ್ರೋಧನ ಸಂವತ್ಸರದ ಆಷಾಢ ಶುದ್ಧ ದಶಮಿ, ಎಂದರೆ 965ರ ಜೂನ್ ತಿಂಗಳಲ್ಲಿ, 102 ಸಂಧಿಗಳ ಮಹಾಪುರಾಣ ಪೂರ್ಣವಾಯಿತು. ಅರವತ್ತಮೂರು ಶಲಾಕಾಪುರುಷರ ಕಥೆಯನ್ನು ಅಪಭ್ರಂಶದಲ್ಲಿ ಇಷ್ಟು ವಿಸ್ತಾರವಾಗಿ ಹೇಳಿದ ಕಾವ್ಯ ಬೇರೆ ಇಲ್ಲ. ಪ್ರತಿ ಸಂಧಿಯ ಕೊನೆಯ ಪುಷ್ಪಿಕೆಯಲ್ಲಿಯೂ ಭರತನ ಹೆಸರಿದೆ. ಭರತನು ಬಾವಿ, ಕೆರೆ, ಬಸದಿಗಳನ್ನು ಕಟ್ಟಿಸುವುದನ್ನು ಬಿಟ್ಟು ಈ ಪುರಾಣವನ್ನು ಬರೆಯಿಸಿದನೆಂದು ಕವಿ ಪ್ರಶಂಸಿಸಿದ್ದಾನೆ. ಕಲ್ಲಿನ ಕಟ್ಟಡಕ್ಕೆ ಹಣ ಸಾಕು. ಪುಷ್ಪದಂತನಂಥ ಮುನಿಸಿನ ಮನುಷ್ಯನೊಡನೆ ಆರು ವರ್ಷ ಬಾಳುವುದಕ್ಕೆ ಹಣವೊಂದೇ ಸಾಕಾಗುತ್ತಿರಲಿಲ್ಲ. ಆ ಮನೆಯಲ್ಲಿ ಭರತನ ಪತ್ನಿ ಕುಂದವ್ವೆಯೂ ಇದ್ದಳು, ಮಕ್ಕಳೂ ಇದ್ದರು. ಒಬ್ಬನ ಸ್ನೇಹವನ್ನು ಇಡೀ ಮನೆ ಹೊತ್ತುಕೊಂಡಿತ್ತು.

ಮುಂದಿನ ಎರಡು ಕೃತಿಗಳಾದ ಣಾಯಕುಮಾರಚರಿಉ ಮತ್ತು ಜಸಹರಚರಿಉಗಳಲ್ಲಿ ಭರತನ ಸ್ಥಾನದಲ್ಲಿ ಅವನ ಮಗ ನಣ್ಣನು ಕಾಣಿಸಿಕೊಳ್ಳುತ್ತಾನೆ. ತಂದೆಯ ಮಂತ್ರಿಪದವಿಯ ಜೊತೆಗೆ ತಂದೆಯ ಗೆಳೆಯನನ್ನೂ ಅವನು ಉಳಿಸಿಕೊಂಡನು. ನಾಗಕುಮಾರನ ಕಥೆಯಲ್ಲಿ 9 ಸಂಧಿಗಳು, ಯಶೋಧರನ ಕಥೆಯಲ್ಲಿ 4. ಎರಡಕ್ಕೂ ನಣ್ಣನ ಹೆಸರಿನ ಅಂಕಿತ. ವಯಸ್ಸಾದ ಕವಿಯ ಅಭಿಮಾನವೂ ಮಾತಿನ ಹರಿತವೂ ಕಡಿಮೆಯಾದಂತೆ ತೋರುವುದಿಲ್ಲ. ಅವುಗಳನ್ನು ಸಹಿಸಿಕೊಳ್ಳುವ ಮನೆ ಮಾತ್ರ ಅವನಿಗೆ ಎರಡನೆಯ ತಲೆಮಾರಿನಲ್ಲಿಯೂ ಇತ್ತು.

ಮೂರನೆಯ ಕೃಷ್ಣನು 967ರಲ್ಲಿ ತೀರಿಕೊಂಡನು. ಐದು ವರ್ಷ ಕಳೆಯುವಷ್ಟರಲ್ಲಿ, 972ರಲ್ಲಿ, ಮಾಳವದ ಪರಮಾರ ಅರಸ ಸೀಯಕನ ಸೈನ್ಯ ಮಾನ್ಯಖೇಟವನ್ನು ಸೂರೆಗೊಂಡಿತು. ದೀನರಿಗೂ ಅನಾಥರಿಗೂ ಸಂಪತ್ತಾಗಿದ್ದ, ಹೂದೋಟಗಳಿಂದ ತುಂಬಿದ್ದ ಆ ನಗರ ಧಾರಾನಗರದ ಅರಸನ ಕೋಪಾಗ್ನಿಯಲ್ಲಿ ಬೆಂದುಹೋದುದಕ್ಕೆ ಮರುಗಿ, ಇನ್ನು ಪುಷ್ಪದಂತ ಕವಿ ಎಲ್ಲಿ ವಾಸಿಸಬೇಕೆಂದು ಕೇಳುವ ಸಂಸ್ಕೃತ ಶ್ಲೋಕವೊಂದು ಮಹಾಪುರಾಣದ ಹಸ್ತಪ್ರತಿಗಳಲ್ಲಿ ಉಳಿದಿದೆ. ಹದಿಮೂರು ವರ್ಷಗಳ ಹಿಂದೆ ನಗರದ ಹೊರಗೆ ಕುಳಿತು ಒಳಗೆ ಬರಲೊಲ್ಲೆನೆಂದವನ ಕೊರಗು ಅದು.

ಸೂರೆಯ ಹಿಂದೆ ಕ್ಷಾಮ ಬಂದಿತು. ಜಸಹರಚರಿಉವಿನ ಕೊನೆಯಲ್ಲಿ ಬರುವ ಭೀಕರ ಬರಗಾಲದ ಚಿತ್ರ ಆ ದಿನಗಳದೆಂದು ವಿದ್ವಾಂಸರು ತಿಳಿಯುತ್ತಾರೆ. ನಾಡು ನೀರಸವಾಗಿದೆ, ದಾರಿಯಲ್ಲಿ ತಲೆಬುರುಡೆಗಳು, ಮನುಷ್ಯರ ಎಲುಬಿನ ಹಂದರಗಳು, ಎತ್ತ ನೋಡಿದರೂ ಬಡವರು, ಕವಿಗಳನ್ನು ಕೇಳುವವರಿಲ್ಲ. ಅಂಥ ಕಾಲದಲ್ಲಿ ನಣ್ಣನು ತನ್ನನ್ನು ಒಳ್ಳೆಯ ಮನೆಯಲ್ಲಿರಿಸಿ, ರುಚಿಯಾದ ಊಟವನ್ನೂ ನಯವಾದ ಬಟ್ಟೆಯನ್ನೂ ತಾಂಬೂಲವನ್ನೂ ಕೊಟ್ಟು ಉಪಕರಿಸಿದನೆಂದು ಕವಿ ಒಂದೊಂದನ್ನೇ ಹೆಸರಿಸಿ ಬರೆದಿದ್ದಾನೆ. ಕೊನೆಗೆ ನಣ್ಣನು ಬಹುಕಾಲ ಬಾಳಲಿ, ಮಳೆ ಬರಲಿ ಎಂದು ಹಾರೈಸಿದ್ದಾನೆ.